ನೀಲವ್ವನ ಅರ್ಧ ಒಡಪು

ರಾತ್ರಿ ಹನ್ನೊಂದೂಕಾಲು. ಹೈದರಾಬಾದಿನ ಬಾಲಾನಗರದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ಕೊನೆ ಬಸ್ಸು ತಪ್ಪಿಸಿಕೊಂಡು, ನಮ್ಮ ಉಪೇಂದ್ರ ನಡೆದು ಬರ್ತಿದ್ದ. ಕಾರ್ಖಾನೆ ಕಾಂಪೌಂಡಿನ ಹಿಂದೆ ಒಂದು ಸಂದಿ ಇದೆ, ನೀವೂ ನೋಡಿದ್ದೀರಿ… ಲೇತ್ ಅಂಗಡಿಗಳ ಸಾಲು ಮುಗಿದ ಮೇಲೆ, ಎಡಕ್ಕೆ. ಅಲ್ಲೊಂದು ಹಾಳು ಬಾವಿ. ಹಗ್ಗ ಇಲ್ಲ, ರಾಟೆ ಇಲ್ಲ. ಯಾವ ಕಾಲದಲ್ಲೋ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ಸುತ್ತಲೂ ವೆಲ್ಡಿಂಗ್ ಹೊಡೆದಿದ್ದಾರೆ. ಒಂದು ಬೆಕ್ಕು ಕೂಡ ಒಳಗೆ ಇಳಿಯೋ ಹಾಗಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಉಪೇಂದ್ರ ಅಂದರೆ ನನ್ನ ದೊಡ್ಡಪ್ಪನ ಮಗ. ನನಗಿಂತ ಎರಡು ವರ್ಷ ಚಿಕ್ಕವನು. ಅವರು ಕೆಳಗಿನ ಮನೆಯಲ್ಲಿ, ನಾವು ಮೇಲೆ. ಸುಳ್ಳು ಹೇಳೋ ಜಾತಿಯವನಲ್ಲ. ಸುಳ್ಳು ಹೇಳೋಕೆ ಬೇಕಾದ ಜಾಣತನವೂ ಅವನಿಗಿಲ್ಲ, ಅದು ಬೇರೆ ಮಾತು.

ಅವತ್ತು ಅವನ ತಲೆ ಕೆಟ್ಟಿತ್ತು. ಕೈಯಲ್ಲಿ ಫೋನು. ಫೋನಿನಲ್ಲಿ ಒಂದೇ ಪ್ರಶ್ನೆ. "ನೀಲವ್ವ ಜೀವಂತ ಇರುವರೇ? ಹೌದು. ಇಲ್ಲ." ದಿನಾ ರಾತ್ರಿ ಅದೇ ಹೊತ್ತಿಗೆ ಅದೇ ಪ್ರಶ್ನೆ. ಏಳು ತಿಂಗಳಿಂದ ಅವನು ದಿನಾ "ಹೌದು" ಅಂತ ಒತ್ತುತ್ತಾ ಬಂದಿದ್ದ. ಅವತ್ತು ಬಾವಿ ಹತ್ತಿರ ಬಂದಾಗ ಮತ್ತೆ ಟಿಂಗ್ ಅಂತು. ನೋಡಿದ. ಸಿಟ್ಟು ನೆತ್ತಿಗೇರಿತು. "ಇಲ್ಲ" ಅಂತ ಒತ್ತಿಬಿಟ್ಟ.

ಒತ್ತಿದ ಕೂಡಲೇ… ಬಾವಿ ಕಡೆಯಿಂದ ಒಂದು ಸದ್ದು.

ಠಣ್.

ಹಿತ್ತಾಳೆ ಕೊಡದ ಅಂಚು ಕಲ್ಲಿಗೆ ತಾಕಿದರೆ ಬರ್ತದಲ್ಲ, ಅದು. ಸ್ಟೀಲಿನದಲ್ಲ. ಸ್ಟೀಲಿನ ಸದ್ದು ಅಲ್ಲೇ ಮುಗಿದುಹೋಗ್ತದೆ. ಹಿತ್ತಾಳೆಯದು ಸ್ವಲ್ಪ ಹೊತ್ತು ಗುಂಯ್… ಅಂತ ಗಾಳಿಯಲ್ಲಿ ನಿಲ್ತದೆ. ಹಾಗೆ ನಿಂತಿತು ಅಂತ ಉಪೇಂದ್ರ ಹೇಳಿದ.

ಇರಿ. ಮೊದಲು ಈ ನೀಲವ್ವ ಯಾರು ಅಂತ ಹೇಳಬೇಕು.

ಉಪೇಂದ್ರನ ಅವ್ವ, ನಮ್ಮ ದೊಡ್ಡವ್ವ, ಶಂಕ್ರಮ್ಮ. ಎಂಬತ್ತೆರಡು ವರ್ಷ. ಅವಳ ತವರು ಚಿಂಚೋಳಿ ಕಡೆ ಒಂದು ಹಳ್ಳಿ. ಅವಳಿಗೊಬ್ಬ ಅಕ್ಕ ಇದ್ದಳು, ನೀಲವ್ವ, ಹದಿಮೂರು ವರ್ಷ ದೊಡ್ಡವಳು. ಹೈದರಾಬಾದಿನ ಹಿತ್ತಾಳೆ ಕೆಲಸದವರ ಮನೆಗೆ ಕೊಟ್ಟಿದ್ದರು. ನಲವತ್ತೆಂಟರಲ್ಲಿ ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆಯ್ತಲ್ಲ, ಅದರ ಮುಂಚಿನ ಸಂಕ್ರಾಂತಿಗೆ ಗಂಡ ಹೆಂಡತಿ ಕೂಸು ಕಟ್ಟಿಕೊಂಡು ತವರಿಗೆ ಬಂದಿದ್ದರು. ಮಗಳು ಇನ್ನೊಂದು ತಿಂಗಳು ಇರಲಿ ಅಂತ ಅಪ್ಪ. ನಾಳೆಯೇ ಹೊರಡಬೇಕು ಅಂತ ಅಳಿಯ. ಮಾತಿಗೆ ಮಾತು ಬೆಳೆಯಿತು. "ನಾಳೆ ಯಾಕ, ಈಗೇ ನಡೀರಿ" ಅಂದುಬಿಟ್ಟ ಅಪ್ಪ. ಅಳಿಯ ಗಾಡಿ ಹೂಡಿಯೇ ಬಿಟ್ಟ.

ನಮ್ಮ ಕಡೆ ಮನೆಮಗಳನ್ನ ಉಡಿ ತುಂಬದೆ ಕಳಿಸೋದಿಲ್ಲ. ಅವಳು ಸೆರಗೊಡ್ಡಿ ನಿಲ್ಲಬೇಕು. ಐದು ಬೊಗಸೆ ಅಕ್ಕಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ರವಿಕೆಗೆ ಒಂದು ಖಣ. ಹೊರಡೋ ಮುಂಚೆ ಅವಳು ಆ ಅಕ್ಕಿಯಲ್ಲಿ ಐದು ಕಾಳು ತೆಗೆದು ಹೊಸ್ತಿಲ ಮೇಲೆ ಇಟ್ಟು ಹೋಗ್ತಾಳೆ, ತವರು ಬರಿದಾಗಬಾರದು ಅಂತ. ಆವತ್ತು ಅವ್ವ ಒಳಗೆ ಹೋಗಿ ತಟ್ಟೆ ಸಿದ್ಧ ಮಾಡಿಕೊಂಡು ಹೊರಗೆ ಬರೋದರೊಳಗೆ ಗಾಡಿ ಊರ ಅಗಸಿ ಬಾಗಿಲು ದಾಟಿತ್ತು. ಆಕೆ ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳಂತೆ. ಐದು ವರ್ಷದ ಶಂಕ್ರಮ್ಮ ಪಕ್ಕದಲ್ಲೇ ಇದ್ದಳು.

ಆಮೇಲೆ ನೀಲವ್ವ ಬರಲೇ ಇಲ್ಲ. ಗಲಾಟೆ ದಿನಗಳು. ಊರಿಗೆ ಊರೇ ಚದುರಿಹೋಯ್ತು. ಅಪ್ಪ ಹಠದಲ್ಲೇ ಸತ್ತ. ಅವ್ವ ಸಾಯುವಾಗ ಆ ತಟ್ಟೆಯ ಹಸಿರು ಖಣವನ್ನ ಶಂಕ್ರಮ್ಮನ ಕೈಗೆ ಕೊಟ್ಟು, "ಆಕಿ ಸಿಕ್ಕರ ಆಕೀಗೆ, ಇಲ್ಲಂದ್ರ ಆಕಿ ಕುಡೀಗೆ… ಬರೀ ಉಡೀಲೆ ಕಳಿಸೀನಿ ನನ್ನ ಮಗಳನ್ನ" ಅಂದಳಂತೆ. ಆ ಖಣ ದೊಡ್ಡವ್ವನ ಟ್ರಂಕಿನಲ್ಲಿ ಐವತ್ತು ವರ್ಷ ಇತ್ತು. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಿ, ಮತ್ತೆ ಮಡಚಿ ಇಡ್ತಿದ್ದಳು.

ಹೋದ ವರ್ಷ ಡಾಕ್ಟರು ದೊಡ್ಡವ್ವನ ಎದೆ ಪರೀಕ್ಷೆ ಮಾಡಿ ಉಪೇಂದ್ರನನ್ನ ಹೊರಗೆ ಕರೆದು ಮಾತಾಡಿದರು. ಅವಳಿಗೆ ತಿಳಿಯದೆ ಇರ್ತದಾ? ಮನೆಗೆ ಬಂದವಳೇ ಟ್ರಂಕು ತೆಗೆದು ಖಣವನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

"ಉಪೇಂದ್ರಾ, ನಾ ಹೋಗೂದು ಖರೇ. ಹೋದ ಮ್ಯಾಲ ನಮ್ಮವ್ವ ಕೇಳ್ತಾಳ. ಏನಂತ ಹೇಳ್ಲಿ?"

ಅವನೇನು ಮಾಡಬೇಕು ಪಾಪ. ಅವನ ಹೆಂಡತಿ ಮಾನಸಾ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ವಂಶವೃಕ್ಷದ್ದು. ನಮ್ಮ ಹಿರಿಯರ ಹೆಸರು ತುಂಬಿದರೆ ಅದು ಲೋಕದಲ್ಲಿ ಬೇರೆಯವರು ತುಂಬಿದ ಹೆಸರುಗಳ ಜೊತೆ ತಾಳೆ ನೋಡಿ, ದೂರದ ಅಣ್ಣತಮ್ಮಂದಿರನ್ನ ಹುಡುಕಿಕೊಡ್ತದಂತೆ. ಹುಡುಕಿಕೊಡ್ತದೆ! ಆ ಆ್ಯಪ್ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊದಲು ಅಡ್ಡಹೆಸರು ಕಡ್ಡಾಯ ಅಂತು. ನೀಲವ್ವನ ಗಂಡನ ಅಡ್ಡಹೆಸರು ಯಾರಿಗೆ ಗೊತ್ತು? ಹುಟ್ಟಿದ ದಿನಾಂಕ ಕಡ್ಡಾಯ ಅಂತು. ದೊಡ್ಡವ್ವ ಹೇಳಿದಳು, "ಊರ ಹುಣಸೀ ಗಿಡಕ್ಕ ಸಿಡಿಲು ಬಿದ್ದಿತ್ತಂತ, ಆ ವರ್ಷ." ಅದನ್ನ ಹಾಕೋಕೆ ಜಾಗ ಇಲ್ಲ. ಗಂಡನ ಹೆಸರು? ಅಲ್ಲೇ ಬಂತು ನೋಡಿ ತೊಡಕು. ದೊಡ್ಡವ್ವನಿಗೆ ಭಾವನ ಹೆಸರು ನೆನಪಿಲ್ಲ. ಹಳ್ಳಿಯಲ್ಲಿ ಅವನನ್ನ ಎಲ್ಲರೂ "ಹೈದ್ರಾಬಾದ ಅಳಿಯ" ಅಂತಲೇ ಕರೀತಿದ್ದದ್ದು. ಹೆಸರಿಟ್ಟು ಕರೆಯೋ ಧೈರ್ಯ ಯಾರಿಗಿತ್ತು?

ಅವಳಿಗೆ ನೆನಪಿದ್ದದ್ದು ಅರ್ಧ ಒಡಪು. ಗೊತ್ತಲ್ಲ, ಗಂಡನ ಹೆಸರನ್ನ ಹೆಂಗಸರು ಸೀದಾ ಹೇಳಬಾರದು, ಎರಡು ಸಾಲು ಕಟ್ಟಿ ಅದರಲ್ಲಿ ಸೇರಿಸಿ ಹೇಳಬೇಕು. ಆ ಸಂಕ್ರಾಂತಿಗೆ ನೀಲವ್ವ ಬಂದಾಗ ಓಣಿಯ ಹುಡುಗಿಯರು ಹೊಸ್ತಿಲಲ್ಲಿ ಅಡ್ಡ ನಿಂತು, ಹೆಸರು ಹೇಳಿದರೇನೇ ಒಳಗೆ ಬಿಡೋದು ಅಂದಿದ್ದರು. ನೀಲವ್ವ ನಾಚಿಕೊಂಡು ಹೇಳಿದಳು. "ಬಾವಿ ಕಟ್ಟಿ ಮ್ಯಾಲ ಹಿತ್ತಾಳಿ ಕೊಡ…" ಅಷ್ಟೇ. ಎರಡನೇ ಸಾಲು, ಹೆಸರಿದ್ದ ಸಾಲು, ದೊಡ್ಡವ್ವನ ತಲೆಯಿಂದ ಅಳಿಸಿಹೋಗಿತ್ತು. ಏಳು ತಿಂಗಳು ಅವಳು ಆ ಒಂದು ಸಾಲನ್ನ ಗುನುಗಿದ್ದೇ ಗುನುಗಿದ್ದು. ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಔಷಧಿ ಕುಡಿಯುವಾಗ. ಹಿತ್ತಾಳಿ ಕೊಡ… ಹಿತ್ತಾಳಿ ಕೊಡ… ಮುಂದೆ ಏನೂ ಇಲ್ಲ. ಕೇಳಿ ಕೇಳಿ ನಮಗೇ ಹುಚ್ಚು ಹಿಡಿಯೋದು ಬಾಕಿ.

ಇಷ್ಟಾದರೂ ಆ್ಯಪ್ ಸುಮ್ಮನಿರಲಿಲ್ಲ. ದಿನಕ್ಕೊಂದು ಸಲ "ಶುಭಸುದ್ದಿ, ನಿಮ್ಮ ಸಂಬಂಧಿ ದೊರಕಿದ್ದಾರೆ" ಅಂತ ಬರೋದು. ಉಪೇಂದ್ರ ಊಟ ಬಿಟ್ಟು ಎದ್ದು ನೋಡೋನು. ಯಾವುದೋ ದ್ವೀಪದ ನೀಲಾ. ಇನ್ಯಾರೋ ಗುಂಟೂರಿನ ರಿಟೈರಾದ ಮೇಷ್ಟರು. ಅವರು ನಮ್ಮ ಸಂಬಂಧಿಯೇ ಅಲ್ಲ ಅಂತ ಗೊತ್ತಾದ ಮೇಲೂ ದಿನಾ ಬೆಳಿಗ್ಗೆ ಗುಲಾಬಿ ಚಿತ್ರ ಕಳಿಸೋದು ನಿಲ್ಲಿಸಲಿಲ್ಲ.

ಕೊನೆಗೆ ಮಾನಸಾ ಕಂಡುಹಿಡಿದಳು, ತೊಂದರೆ ಎಲ್ಲಿದೆ ಅಂತ. ಬದುಕಿರೋರ ವಿವರವನ್ನ ಆ್ಯಪ್ ಹೊರಗಿನವರಿಗೆ ತೋರಿಸೋದಿಲ್ಲ. ಸತ್ತಿದ್ದಾರೆ ಅಂತ ಹಾಕಿದರೆ ಮಾತ್ರ ತಾಳೆ ನೋಡ್ತದೆ. ನೀಲವ್ವನಿಗೆ ಈಗ ತೊಂಬತ್ತೈದು ದಾಟಿರಬೇಕು. ಸತ್ತಿದ್ದಾಳೆ ಅಂತ ಒಂದು ಸಲ ಒತ್ತಿದರೆ ಆಯ್ತು. ಉಪೇಂದ್ರ ಅವ್ವನನ್ನ ಕೇಳಿದ. ದೊಡ್ಡವ್ವ ಎದ್ದು ಕೂತಳು.

"ಯಾರು ಸುದ್ದಿ ತಂದಾರ? ನಾವು ತಲಿ ಮ್ಯಾಲೆ ನೀರು ಹಾಕ್ಕೊಂಡೀವೇನು? ಸುದ್ದಿ ಇಲ್ಲದ, ಸ್ನಾನ ಇಲ್ಲದ, ನನ್ನ ಅಕ್ಕನ್ನ ಹೆಂಗ ಸಾಯಿಸ್ತಿ?"

"ಅವ್ವಾ, ಇದು ಬರೇ ಫೋನಿನ್ಯಾಗಿಂದು."

"ಎದರಾಗಿಂದರ ಇರ್ಲಿ. ಬರೀಬ್ಯಾಡ."

ಅವಳ ಮಾತಿಗೆ ಕಟ್ಟುಬಿದ್ದು ದಿನಾ "ಹೌದು" ಅಂತ ಒತ್ತುತ್ತಿದ್ದ. ದಿನಾ ಅದೇ ಗೋಡೆಗೆ ತಲೆ ಚಚ್ಚಿಕೊಳ್ತಿದ್ದ. ಅಂಥ ಮಗ, ಆ ರಾತ್ರಿ ಬಾವಿ ಹತ್ತಿರ "ಇಲ್ಲ" ಅಂತ ಒತ್ತಿದ್ದು.

ಠಣ್… ಅಂತ ಸದ್ದು ಬಂತು ಅಂದೆನಲ್ಲ. ಉಪೇಂದ್ರ ತಲೆ ಎತ್ತಲಿಲ್ಲ. ಫೋನು "ಮರಣದ ದಿನಾಂಕ ಕಡ್ಡಾಯ" ಅಂತ ಹಠ ಹಿಡಿದಿತ್ತು. ಬಾಯಿಗೆ ಬಂದ ಹಾಗೆ ಬೈದುಕೊಂಡು ಯಾವುದೋ ಒಂದು ದಿನಾಂಕ ಹುಡುಕ್ತಿದ್ದ.

"ತಮ್ಮಾ…"

ಪಿಸುಮಾತು. ಹೆಣ್ಣಿನ ದನಿ.

"ತಮ್ಮಾ… ಹೊತ್ತು ಎಷ್ಟಾತು?"

ಈಗ ನೋಡಿದ. ಬಾವಿ ಕಟ್ಟೆಯ ಆ ಬದಿಗೆ ಒಬ್ಬಳು ಕೂತಿದ್ದಳು. ಬೀದಿದೀಪ ಅವಳ ಬೆನ್ನ ಹಿಂದೆ, ಮುಖ ಕಾಣೋದಿಲ್ಲ. ತಲೆ ಮೇಲೆ ಸೆರಗು. ಪಕ್ಕದಲ್ಲಿ ಒಂದು ಕೊಡ. ದನಿ ಕೇಳಿದರೆ ಹದಿನೆಂಟೋ ಹತ್ತೊಂಬತ್ತೋ. ಕನ್ನಡ ಕೇಳಿ ಅವನಿಗೇನೂ ಅನಿಸಲಿಲ್ಲ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರು ಬಾಲಾನಗರದಲ್ಲಿ ಎಷ್ಟು ಬೇಕಾದರೂ ಇದ್ದಾರೆ.

"ಹನ್ನೊಂದೂವರಿ ಆಗಾಕ ಬಂತು. ಇಷ್ಟೊತ್ತಿನ್ಯಾಗ ಇಲ್ಲಿ ಯಾಕ ಕುಂತೀಯವ್ವ?"

"ಕಾಲು ಸೋತಾವ…"

"ಎಲ್ಲಿಗೆ ಹೊಂಟಿ?"

"ತವರಿಗೆ… ಪಂಚಮಿ ಅಲ್ಲೇನು?"

ನಾಗರಪಂಚಮಿಗೆ ಇನ್ನೂ ಆರು ತಿಂಗಳಿತ್ತು. ಈ ಹುಡುಗಿಗೆ ತಲೆ ನೆಟ್ಟಗಿಲ್ಲ, ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿರಬೇಕು ಅಂದುಕೊಂಡ ನಮ್ಮ ಉಪೇಂದ್ರ. ಅವನಿಗೆ ಬೇಕಿದ್ದದ್ದು ಒಂದೇ, ಬೇಗ ಮನೆ ಸೇರೋದು.

"ನಿನ್ನ ಗಂಡನ ಹೆಸರೇನು? ನಂಬರ್ ಹೇಳು, ಫೋನ್ ಹಚ್ಚತೀನಿ. ಬಂದು ಕರಕೊಂಡು ಹೋಗ್ಲಿ."

ಬಳೆ ಸದ್ದು, ಚಿಣ್… ಚಿಣ್… ಸೆರಗು ಸರಿಮಾಡಿಕೊಂಡಳು ಅಂತ ಕಾಣ್ತದೆ. ಆಮೇಲೆ ಮೆಲ್ಲಗೆ, ನಗೆ ತಡೆದುಕೊಂಡವಳ ಹಾಗೆ…

"ಬಾವಿ ಕಟ್ಟಿ ಮ್ಯಾಲ ಹಿತ್ತಾಳಿ ಕೊಡ…"

ಉಪೇಂದ್ರ ಒಂದು ಹೆಜ್ಜೆ ಹಿಂದೆ ಸರಿದ.

"…ಮೌನಪ್ಪನವರ ಹೆಸರ ಹೇಳೀನಿ, ಹಾದಿ ತಡೀಬ್ಯಾಡ."

ಅಷ್ಟೇ. ಫೋನಿನ ಬೆಳಕು ಆರಿತು. ಅವನು ಮತ್ತೆ ಹೊತ್ತಿಸಿ ನೋಡ್ತಾನೆ, ಕಟ್ಟೆ ಖಾಲಿ. ಜಾಲರಿ ಹಾಗೇ ಇದೆ. ಅದರ ಕೆಳಗಿನಿಂದ… ಆಳದಿಂದ… ಕಿರ್… ಕಿರ್… ಕಿರ್… ಅಂತ ರಾಟೆ ತಿರುಗೋ ಸದ್ದು. ರಾಟೆ ಇಲ್ಲ ಅಂತ ಆಗಲೇ ಹೇಳಿದ್ದೇನೆ.

ಒಂದು ಮಾತು ಹೆಚ್ಚಿಗೆ ಕೇಳಬಾರದಿತ್ತಾ? ನಿನ್ನ ಮಗ ಎಲ್ಲಿದ್ದಾನೆ, ನಿನ್ನ ಮನೆ ಎಲ್ಲಿ ಅಂತ? ಏಳು ತಿಂಗಳು ಹುಡುಕಿದವನು, ಎದುರಿಗೆ ಬಂದಾಗ ಚಪ್ಪಲಿ ಬಿಟ್ಟು ಓಡಿಬಂದ. ನಾನು ಅವನನ್ನ ಇದಕ್ಕೆ ಬೈದಷ್ಟು ಇನ್ಯಾವುದಕ್ಕೂ ಬೈದಿಲ್ಲ. ನಾನಾಗಿದ್ದರೂ ಓಡ್ತಿದ್ದೆ, ಅದು ಗೊತ್ತು. ಆದರೂ ಬೈದೆ.

ಮನೆಯಲ್ಲಿ ದೊಡ್ಡವ್ವ ಎಚ್ಚರವಾಗಿದ್ದಳು. ಗದ್ದಲ ಕೇಳಿ ನಾನೂ ಮೇಲಿನಿಂದ ಇಳಿದು ಬಂದಿದ್ದೆ. ಅವನು ಬಾಗಿಲಲ್ಲೇ ನಿಂತು ಎರಡೂ ಸಾಲು ಹೇಳಿದ. ದೊಡ್ಡವ್ವ ಗೋಡೆ ಹಿಡಿದು ಎದ್ದು ನಿಂತಳು.

"ಮೌನಪ್ಪ… ಹೌದು. ಮೌನಪ್ಪ ಭಾವ. ಯಾರು ಹೇಳಿದರೋ?"

"ಒಬ್ಬಾಕಿ… ಬಾವಿ ಹತ್ರ ಕುಂತಿದ್ಲು."

ಆಕೆ ಯಾರು, ಏನು ಅಂತ ದೊಡ್ಡವ್ವ ಮುಂದೆ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಆಕಿ ಉಡಿ ತುಂಬಿತ್ತೇನು?"

"ಕತ್ತಲಿತ್ತವ್ವ, ನಾ ನೋಡಲಿಲ್ಲ."

"ಅಷ್ಟು ನೋಡಬಾರದಿತ್ತೇನೋ" ಅಂದು ಮುಖ ತಿರುಗಿಸಿ ಮಲಗಿದಳು. ಆ ರಾತ್ರಿ ನಮ್ಮಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ, ರಾತ್ರಿ ಒತ್ತಿದ "ಇಲ್ಲ"ಕ್ಕೆ ಅವ್ವನಿಗೆ ಹೇಳದೆ ಯಾವುದೋ ಒಂದು ದಿನಾಂಕ ತುಂಬಿ, ಗಂಡನ ಜಾಗದಲ್ಲಿ ಮೌನಪ್ಪ ಅಂತ ಬರೆದರು. ಏಳು ತಿಂಗಳು ಕಾಡಿದ ಆ್ಯಪ್ ಅರ್ಧ ಗಂಟೆಯಲ್ಲಿ ಒಂದು ವಂಶವೃಕ್ಷ ತೆಗೆದು ಮುಂದಿಟ್ಟಿತು. ಕಾಚಿಗೂಡ. ಹಿತ್ತಾಳೆ ಕೆಲಸದ ಮೌನಪ್ಪ. ಹೆಂಡತಿ ಊರು ಚಿಂಚೋಳಿ ಕಡೆ, ಹೆಸರು ಗೊತ್ತಿಲ್ಲ. ಮಾಡಿದವಳು ಲಹರಿ ಅಂತ ಒಬ್ಬಳು, ಅವನ ಮರಿಮಗಳು. ಕಾಚಿಗೂಡ! ಊರಿಗೆ ಹೋಗೋಕೆ ನಾವು ಟ್ರೇನು ಹಿಡಿಯೋ ಜಾಗ. ಅವರ ಮನೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲೇ. ನಲವತ್ತು ವರ್ಷ ನಾವು ಆ ಗಲ್ಲಿಯ ಬಾಯಲ್ಲಿ ನಿಂತು ಚಹಾ ಕುಡಿದಿದ್ದೇವೆ. ನೆನೆಸಿಕೊಂಡರೆ ಕೈ ಕೈ ಹಿಸುಕಿಕೊಳ್ಳೋ ಹಾಗಾಗ್ತದೆ.

ಉಪೇಂದ್ರ ಅವಳಿಗೆ ಮೆಸೇಜು ಹಾಕಿದ. ಉತ್ತರ ಇಲ್ಲ. ಒಂದು ವಾರ. ಎರಡು ವಾರ. ದೊಡ್ಡವ್ವನ ಕಾಲು ಬಾತುಕೊಳ್ಳೋಕೆ ಶುರುವಾಗಿತ್ತು. ಮೂರನೇ ವಾರ ಒಂದು ಸಾಲು ಬಂತು, "ಅಂಕಲ್, ಮೀರು ಎವರು?" ಯಾರು ನೀವು ಅಂತ. ಇವನು ಒಂದು ಪುಟ ಬರೆದು ಕಳಿಸಿದ. ಮೋಸದವರು ಇರಬೇಕು ಅಂತ ಅವಳು ಇವನನ್ನ ಬ್ಲಾಕ್ ಮಾಡಿದಳು. ಕೊನೆಗೆ ನಾನೇ ಹುಡುಕಿ ಹುಡುಕಿ ಅವಳ ಆಫೀಸಿನ ನಂಬರಿಗೆ ಫೋನ್ ಮಾಡಿ, ನನಗೆ ಬರೋ ತೆಲುಗಿನಲ್ಲಿ ಹೇಳಿದೆ: "ನಮ್ಮ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ನಿನ್ನ ಮುತ್ತಜ್ಜಿಯ ಸ್ವಂತ ತಂಗಿ. ಬಂದರೆ ಬೇಗ ಬಾ."

ಭಾನುವಾರ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ವರ್ಷ, ಮದುವೆಯಾಗಿ ಒಂದು ವರ್ಷ ಆಗಿತ್ತಂತೆ. ಕನ್ನಡ ಬರೋದಿಲ್ಲ. ಅವರ ಮನೆಯಲ್ಲಿ ಕನ್ನಡ ಹೋಗಿ ಎರಡು ತಲೆಮಾರಾಯ್ತು. ಪ್ರೀತಿಯಿಂದ ಬಂದವಳಲ್ಲ ಅವಳು. ಮುಖ ಗಂಟು ಹಾಕಿಕೊಂಡೇ ಕೂತಳು. ನಾವು ಕೊಟ್ಟ ನೀರನ್ನೂ ಮುಟ್ಟದೆ, ತೆಲುಗಿನಲ್ಲಿ ಮೊದಲ ಮಾತೇ ಇದು:

"ಒಂದು ಕೇಳ್ತೀನಿ, ನಿಜ ಹೇಳಿ. ನಮ್ಮ ಮುತ್ತಜ್ಜಿಯನ್ನ ನೀವು ಯಾಕೆ ವಾಪಸು ಕಳಿಸಲಿಲ್ಲ? ಆಗ ನಮ್ಮ ತಾತನಿಗೆ ಒಂದು ವರ್ಷ. ಸಾಯೋವರೆಗೂ ತಾತ ಅದನ್ನೇ ಹೇಳ್ತಿದ್ದರು, ತವರಿನವರು ಇಟ್ಟುಕೊಂಡುಬಿಟ್ಟರು ಅಂತ. ನಾನು ಈ ವಂಶವೃಕ್ಷ ಮಾಡಿದ್ದೇ ಅದಕ್ಕೆ."

ನಾನು ಕನ್ನಡಕ್ಕೆ ಹೇಳಿದೆ. ದೊಡ್ಡವ್ವನಿಗೆ ಸಿಟ್ಟು ಬಂತು.

"ನಾವು ಇಟ್ಕೊಂಡಿವೇನು? ನೀವು ಕಳಿಸಲಿಲ್ಲ. ಸಂಕ್ರಾಂತಿಗೆ ಹೋದಾಕಿ ಮತ್ತ ಬರಲೇ ಇಲ್ಲ."

"ಬಂದಳಲ್ಲ" ಅಂದಳು ಲಹರಿ. "ಆಷಾಢ ಮುಗಿದು ಪಂಚಮಿಗೆ. ಮಗುವಿಗೆ ಜ್ವರ ಅಂತ ಬಿಟ್ಟು, ನಾಲ್ಕು ದಿನದಲ್ಲಿ ಬರ್ತೀನಿ ಅಂತ ಒಬ್ಬಳೇ ಹೊರಟಳಂತೆ. ಮುತ್ತಾತ ಅತ್ತೆಮನೆಯವರ ಜೊತೆ ರಾಜಿ ಆಗಲಿ ಅಂತ ತಾನೇ ಕೂತು ಒಂದು ಹಿತ್ತಾಳೆ ಕೊಡ ಬಡಿದು, ಅವಳ ಕೈ…"

ಅಲ್ಲಿಗೆ ಉಪೇಂದ್ರ ಎದ್ದು ಹೊರಗೆ ಹೋದ. ನಾನು ಕಿಟಕಿಯಿಂದ ನೋಡಿದೆ. ನಲ್ಲಿ ತಿರುಗಿಸಿ ಅದರ ಕೆಳಗೆ ತಲೆ ಕೊಟ್ಟು ನಿಂತಿದ್ದ.

ಅವರು ಇಟ್ಟುಕೊಂಡರು ಅಂತ ಇವರು, ಇವರು ಇಟ್ಟುಕೊಂಡರು ಅಂತ ಅವರು… ಎರಡೂ ಮನೆಯವರು ಎಪ್ಪತ್ತೈದು ವರ್ಷ ಸಿಟ್ಟು ಮಾಡಿಕೊಂಡು ಕೂತಿದ್ದರು. ನಡುವೆ ಆ ಹುಡುಗಿ ಎರಡೂ ಮನೆ ಸೇರದೆ ಎಲ್ಲಿ ಉಳಿದಳು ಅಂತ ಒಬ್ಬರೂ ಎದ್ದು ಹುಡುಕಲಿಲ್ಲ. ಒಬ್ಬರು, ಒಂದೇ ಒಂದು ಸಲ, ಈ ಊರಿಂದ ಆ ಊರಿಗೆ ಹೋಗಿ ಕೇಳಿದ್ದರೆ ಸಾಕಿತ್ತು.

ಲಹರಿ ಅತ್ತಳು. ದೊಡ್ಡವ್ವ ಅಳಲಿಲ್ಲ. ದಿಂಬಿನ ಕೆಳಗಿಂದ ಖಣ ತೆಗೆದಳು.

ಮಾನಸಾ ಮೆಲ್ಲಗೆ ಅಂದಳು, "ಅತ್ತೀ, ಈಗ ಸುದ್ದಿ ತಿಳಿದಂಗಾತಲ್ರಿ. ಮೊದಲು ಎಲ್ಲಾರೂ ನೀರು ಹಾಕ್ಕೋಬೇಕೇನ್ರಿ?"

"ಇಲ್ಲ. ಉಡಿ ತುಂಬೋತನಕ ಆಕಿ ಇದ್ದಾಳ. ನೀರು ನಾಳೆ." ಆಮೇಲೆ ಒಳಗೆ ಬಂದು ನಿಂತಿದ್ದ ಮಗನ ಕಡೆ ನೋಡಿದಳು. "ನೀ ಫೋನಿನ್ಯಾಗ ಆಕೀನ್ನ ಸಾಯಿಸಿದ್ದಿ ಹೌದಲ್ಲೋ? ನನಗ ಗೊತ್ತೈತಿ. ತಿದ್ದು ಅದನ್ನ."

ಉಪೇಂದ್ರ ಒದ್ದೆ ತಲೆಯಲ್ಲೇ ಫೋನು ತೆಗೆದು ತಿದ್ದಿದ. "ನೀಲವ್ವ ಜೀವಂತ ಇರುವರೇ?" ಹೌದು.

ತಟ್ಟೆ ಸಿದ್ಧ ಆಯ್ತು. ದೊಡ್ಡವ್ವ ಅದನ್ನ ಮಾನಸಾಳ ಕೈಗೆ ಕೊಡೋಕೆ ಹೋದಳು. ವಿಧವೆ ಉಡಿ ತುಂಬಬಾರದಲ್ಲ. ನನಗೆ ತಡೆಯೋಕಾಗಲಿಲ್ಲ. ಐವತ್ತು ವರ್ಷ ಆ ಖಣ ಕಾದವಳು ಇವಳು, ಈಗ ದೂರ ಕೂತು ನೋಡಬೇಕಂತೆ.

"ದೊಡ್ಡವ್ವ, ನೀನೇ ತುಂಬು. ಯಾರರ ಅಡ್ಡ ಮಾತಾಡಿದ್ರ ನಾ ನೋಡ್ಕೋತೀನಿ."

ಯಾರೂ ಅಡ್ಡ ಮಾತಾಡಲಿಲ್ಲ. ದೊಡ್ಡವ್ವ ತಟ್ಟೆ ಹಿಡಿದು ನಿಂತಳು. ಲಹರಿ ಕಣ್ಣು ಒರೆಸಿಕೊಂಡು, "ಒಡಿ ಬಿಯ್ಯಮಾ?" ಅಂದಳು. ತೆಲುಗರಲ್ಲಿ ಇದಕ್ಕೆ ಹಾಗಂತಾರೆ. ಯಾರೂ ಹೇಳದೆ ತಾನೇ ದುಪಟ್ಟಾ ಒಡ್ಡಿ ನಿಂತಳು. ಅರಿಶಿನ ಹಚ್ಚಿದ ಅಕ್ಕಿ, ಐದು ಬೊಗಸೆ. ಪ್ರತಿ ಬೊಗಸೆಗೂ ದೊಡ್ಡವ್ವ "ನೀಲವ್ವಾ" ಅಂದಳು. ಲಹರಿ ಅಂತ ಒಂದು ಸಲವೂ ಅನ್ನಲಿಲ್ಲ. ಕೊನೆಗೆ ಆ ಹಸಿರು ಖಣ.

ಆ ಹುಡುಗಿ ಎಲ್ಲರ ಕಾಲಿಗೂ ಬಿದ್ದು, ಉಡಿ ಗಂಟು ಕಟ್ಟಿಕೊಂಡು, ಸಂಜೆ ಆಟೋ ಹತ್ತಿ ಹೋದಳು. ಒಂದು ಕಾಳೂ ಬಿಡದೆ ಎಲ್ಲ ತಗೊಂಡು ಹೋದಳು. ಐದು ಕಾಳು ಹೊಸ್ತಿಲ ಮೇಲೆ ಇಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದವರು ನಾವು. ಗಡಿಬಿಡಿಯಲ್ಲಿ ಮರೆತೆವು. ದೊಡ್ಡವ್ವ ಬರಿ ಹೊಸ್ತಿಲು ನೋಡಿದಳು.

"ಕಾಳು ಬಿಟ್ಟು ಹೋಗಲಿಲ್ಲ…"

"ಹುಡುಗಿ ಅದು, ಆಕೀಗೆ ಏನು ಗೊತ್ತು ದೊಡ್ಡವ್ವ."

"ಹೌದು, ಹೌದು" ಅಂದಳು. ಆದರೂ ಊಟ ಮಾಡಲಿಲ್ಲ. ಎಲ್ಲ ಆಗಿಯೂ ಇಷ್ಟಕ್ಕೆ ಬಂದು ನಿಂತಿತಲ್ಲ ಅಂತ ನನಗೆ ನನ್ನ ಮೇಲೇ ರೇಗಿಹೋಯ್ತು. ರಾತ್ರಿ ಮಲಗೋ ಮುಂಚೆ ಆ ಹೊಸ್ತಿಲನ್ನ ನಾನೇ ಕೈಯಾರೆ ಒರೆಸಿದೆ. ಒಣಬಟ್ಟೆಯಲ್ಲಿ. ಚಿಲಕ ಹಾಕಿದ್ದೂ ನಾನೇ. ಅವತ್ತು ಕೆಳಗೇ, ದೊಡ್ಡವ್ವನ ಪಕ್ಕದಲ್ಲಿ ಮಲಗಿದ್ದೆ.

ಬಾವಿ ವಿಷಯ ಕೇಳ್ತೀರಿ, ಗೊತ್ತು. ಜಾಲರಿ ತೆಗೆಸಿ ನೋಡಿ ಅಂತ ಉಪೇಂದ್ರ ಆಮೇಲೆ ಎಷ್ಟು ಕಚೇರಿ ಅಲೆದ. ಇದು ನಮ್ಮದಲ್ಲ, ಆ ಕಚೇರಿಗೆ ಹೋಗಿ ಅಂತ ಇವರು, ಈ ಕಚೇರಿಗೆ ಹೋಗಿ ಅಂತ ಅವರು. ಅರ್ಜಿಯಲ್ಲಿ ಕಾರಣ ಏನಂತ ಬರೆಯೋದು ಹೇಳಿ? ಜಾಲರಿ ಇವತ್ತಿಗೂ ಹಾಗೇ ಇದೆ.

ಮರುದಿನ ಬೆಳಿಗ್ಗೆ ಐದಕ್ಕೆ ನೀರು ಹಾಕಿ ರಂಗೋಲಿ ಇಡೋಣ ಅಂತ ನಾನು ಎದ್ದೆ. ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದೆ. ದೀಪ ಹಾಕಿದೆ. ಹೊಸ್ತಿಲ ನಟ್ಟನಡುವೆ… ಅರಿಶಿನ ಹಚ್ಚಿದ ಅಕ್ಕಿ. ಎಣಿಸಿದೆ. ಐದು ಕಾಳು. ಸುತ್ತ ಎಲ್ಲ ಒಣಗಿತ್ತು, ಕಾಳು ಮಾತ್ರ ಒದ್ದೆ. ಮುಟ್ಟಿ ನೋಡಿದೆ. ಬಾವಿನೀರಿನ ಹಾಗೆ ತಣ್ಣಗಿದ್ದವು.

ಗುಬ್ಬಿ ತಂದಿರಬೇಕು, ಇಲಿ ತಂದಿರಬೇಕು, ಲಹರಿ ಹೋಗುವಾಗ ಬಿದ್ದಿರಬೇಕು ಅಂತ ಏನೇನೋ ಹೇಳ್ತಾರೆ ಜನ. ಒರೆಸಿದವಳು ನಾನು. ಅವರಲ್ಲ.

ನಾನು ಕೂಗಲಿಲ್ಲ. ಒಳಗೆ ಹೋಗಿ ದೊಡ್ಡವ್ವನನ್ನ ಎಬ್ಬಿಸಿದೆ. ಅವಳು ಗೋಡೆ ಹಿಡಿದು ಬಂದು, ಕೂತು, ಐದೂ ಕಾಳನ್ನ ಒಂದೊಂದಾಗಿ ಅಂಗೈಗೆ ಹಾಕಿಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, "ಎಲ್ಲಾರನ್ನೂ ಎಬ್ಬಿಸು. ನೀರು ಕಾಯಿಸು. ತಲಿ ಮ್ಯಾಲೆ ಹಾಕ್ಕೋಬೇಕು" ಅಂದಳು. ಆಗ ಅತ್ತಳು, ಐದು ವರ್ಷದ ಮಗುವಿನ ಹಾಗೆ, ಬಾಯಿಬಿಟ್ಟು.

ಆ ಐದು ಕಾಳನ್ನ ಅಕ್ಕಿ ಡಬ್ಬಿಯಲ್ಲಿ ಹಾಕಿದಳು. ಸ್ನಾನ ಆದ ಮೇಲೆ ಅದೇ ಡಬ್ಬಿಯ ಅಕ್ಕಿಯಿಂದ ಅನ್ನ ಮಾಡಿದ್ದು ನಾನು. ಎಲ್ಲರೂ ಉಂಡೆವು. ನಾನೂ ಉಂಡಿದ್ದೇನೆ.